ಒಂದು ಛಾಯಾಚಿತ್ರದಿಂದ ಹಬ್ಬದ ಶುಭಾಶಯದ ಚಲಚ್ಚಿತ್ರ



ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಹುಟ್ಟಿ ಬೆಳೆದ ಅನೇಕ ಹೆಣ್ಣುಮಕ್ಕಳು ವಿವಾಹ, ಉದ್ಯೋಗ, ವಿದ್ಯಾಭ್ಯಾಸಗಳ ನಿಮಿತ್ತವಾಗಿ ದೂರದ ಪಟ್ಟಣಗಳಲ್ಲಿ ನೆಲೆಸಿರುವರು. ಹಬ್ಬವು ಸಮೀಪಿಸಿದಾಗ ತವರಿನವರು ಮಗಳನ್ನೂ ಮಗಳು ತವರನ್ನೂ ನೆನಸುವದು ಸಹಜವು. ಈ ನೆನಪನ್ನು ತಲಪಿಸುವದಕ್ಕೆ ಈಗ ಒಂದು ಹೊಸ ಸಾಧನವು ನಮ್ಮ ಕೈಗೆ ಬಂದಿದೆ. ಮನೆಯಲ್ಲಿರುವ ಒಂದು ಛಾಯಾಚಿತ್ರವನ್ನು ಮೊಬೈಲಿನ ಮೂಲಕ ಕೃತಕ ಬುದ್ಧಿಗೆ, ಅಂದರೆ ಜನರು ಎಐ ಎಂದು ಕರೆಯುವ ಯಂತ್ರಕ್ಕೆ ಒಪ್ಪಿಸಿದರೆ, ಅದು ಆ ಚಿತ್ರವನ್ನು ಕೆಲವು ಕ್ಷಣಗಳ ಚಲಚ್ಚಿತ್ರವನ್ನಾಗಿ ಮಾಡಿಕೊಡುವದು. ಇದನ್ನು ಮಾಡುವ ಕ್ರಮವೇನು, ಇದರೊಳಗಿನ ಗುಟ್ಟೇನು, ಇದರಲ್ಲಿ ನಾವು ಯಾವದಕ್ಕೆ ಎಚ್ಚರಪಡಬೇಕು ಎಂಬ ಮೂರು ಸಂಗತಿಗಳನ್ನು ಈ ಪಾಠದಲ್ಲಿ ವಿವರಿಸುವೆವು.

1. ಶುಭಾಶಯದ ಪೂರ್ವಕಥೆ

ಹಬ್ಬದ ಶುಭಾಶಯವನ್ನು ಚಿತ್ರದೊಡನೆ ಕಳುಹಿಸುವ ರೂಢಿಯು ಬಹಳ ಪುರಾತನವಾದದ್ದಲ್ಲ. 1843ರಲ್ಲಿ ಲಂಡನ್ ಪಟ್ಟಣದ ಹೆನ್ರಿ ಕೋಲ್ ಎಂಬವರು ತಮ್ಮ ಸ್ನೇಹಿತರೆಲ್ಲರಿಗೆ ಪತ್ರ ಬರೆಯಲು ಸಮಯ ಸಾಲದೆ, ಜಾನ್ ಕ್ಯಾಲ್ಕಾಟ್ ಹಾರ್ಸ್‌ಲೀ ಎಂಬ ಚಿತ್ರಕಾರರಿಂದ ಒಂದು ಚಿತ್ರವನ್ನು ಬರೆಯಿಸಿ ಅಚ್ಚು ಹಾಕಿಸಿದರು. ಮಾರಾಟಕ್ಕೆ ಬಂದ ಮೊದಲನೆಯ ಕ್ರಿಸ್ಮಸ್ ಕಾರ್ಡು ಇದೇ. ಅದೇ ವರುಷದಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೊಗ್ಲಿಂಗರು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು.

ನಮ್ಮ ಸೀಮೆಗೆ ದೂರದ ಊರುಗಳು ಹತ್ತಿರವಾದದ್ದು 1871ರಲ್ಲಿ. ಆ ವರುಷ ಬೊಂಬಾಯಿಯ ಕಡೆಯಿಂದ ಬಂದ ರೈಲುದಾರಿಯೂ ಮದ್ರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿಯೇ ಕೂಡಿದವು. 1879ರಲ್ಲಿ ಸರಕಾರವು ಕಾಲು ಆಣೆಯ ಅಂಚೆ ಕಾರ್ಡನ್ನು ಹೊರಡಿಸಿತು. ಅಂದಿನಿಂದ ಬಡವರು ಸಹ ತಮ್ಮ ಕ್ಷೇಮ ಸಮಾಚಾರವನ್ನು ದೂರಕ್ಕೆ ಬರೆದು ಕಳುಹಿಸುವದು ಸುಲಭವಾಯಿತು. ಆದರೆ ಕಾರ್ಡಿನಲ್ಲಿ ಬರೆದವರ ಕೈಬರಹವಿತ್ತೇ ಹೊರತು ಮುಖವಿರಲಿಲ್ಲ. ಮುಖವನ್ನು ಕಳುಹಿಸಬೇಕಾದರೆ ಛಾಯಾಚಿತ್ರ ಬೇಕಾಯಿತು. ಮುಖವು ಚಲಿಸಬೇಕಾದರೆ ಈಗಿನ ಯಂತ್ರವು ಬೇಕಾಯಿತು.

2. ಯಂತ್ರವು ಈ ಕೆಲಸವನ್ನು ಮಾಡುವ ಬಗೆ

ಚಲಚ್ಚಿತ್ರವೆಂಬದು ನಿಜವಾಗಿ ಚಲಿಸುವ ಚಿತ್ರವಲ್ಲ. ಸ್ವಲ್ಪ ಸ್ವಲ್ಪವಾಗಿ ಬೇರೆಯಾಗಿರುವ ಅನೇಕ ನಿಶ್ಚಲ ಚಿತ್ರಗಳನ್ನು ಒಂದರ ಹಿಂದೊಂದು ತೀವ್ರವಾಗಿ ತೋರಿಸಿದರೆ ನಮ್ಮ ಕಣ್ಣು ಅವುಗಳನ್ನು ಚಲನೆಯೆಂದು ಎಣಿಸುವದು. ಸಿನೆಮಾದಲ್ಲಿ ಸಾಧಾರಣವಾಗಿ ಒಂದು ಸೆಕೆಂಡಿಗೆ 24 ಚಿತ್ರಗಳಿರುವವು. 2025ರ ಜುಲೈ ತಿಂಗಳಲ್ಲಿ ಗೂಗಲ್ ಸಂಸ್ಥೆಯು ತನ್ನ ಜೆಮಿನೈ ಎಂಬ ಆ್ಯಪಿನಲ್ಲಿ ಒಂದು ಛಾಯಾಚಿತ್ರವನ್ನು 8 ಸೆಕೆಂಡುಗಳ ವೀಡಿಯೋ ಮಾಡುವ ಅನುಕೂಲತೆಯನ್ನು ಒದಗಿಸಿತು. ಎಂಟನ್ನು ಇಪ್ಪತ್ತನಾಲ್ಕರಿಂದ ಗುಣಿಸಿದರೆ 192 ಆಗುವದು. ನಾವು ಕೊಟ್ಟದ್ದು ಒಂದೇ ಚಿತ್ರ. ಹಾಗಾದರೆ ಮಿಕ್ಕ 191 ಚಿತ್ರಗಳು ಎಲ್ಲಿಂದ ಬಂದವು?

ಅವುಗಳನ್ನು ಯಂತ್ರವು ಊಹಿಸಿ ಬರೆಯುವದು. ಯಂತ್ರಕ್ಕೆ ಮೊದಲು ಲಕ್ಷಾಂತರ ಚಿತ್ರಗಳನ್ನೂ ವೀಡಿಯೋಗಳನ್ನೂ ತೋರಿಸಿ, ಗಾಳಿಗೆ ಪರದೆ ಹೇಗೆ ಅಲುಗುವದು, ದೀಪದ ಕುಡಿ ಹೇಗೆ ನಡುಗುವದು, ನಗುವಾಗ ಕೆನ್ನೆ ಹೇಗೆ ಏರುವದು ಎಂಬ ಅಭ್ಯಾಸವನ್ನು ಮಾಡಿಸಿರುವರು. ಅದಕ್ಕಾಗಿ ಒಳ್ಳೇ ಚಿತ್ರಗಳ ಮೇಲೆ ಬೇಕೆಂದೇ ಮರಳು ಎರಚಿದಂತೆ ಚುಕ್ಕೆಗಳನ್ನು ತುಂಬಿ, ಆ ಚುಕ್ಕೆಗಳನ್ನು ತೆಗೆದು ಮೂಲ ಚಿತ್ರವನ್ನು ಕಾಣುವ ವಿದ್ಯೆಯನ್ನು ಅದಕ್ಕೆ ಕಲಿಸುವರು. ಆಮೇಲೆ ನಾವು ಕೆಲಸವನ್ನು ಹೇಳಿದಾಗ ಅದು ಬರಿಯ ಚುಕ್ಕೆಗಳಿಂದಲೇ ಆರಂಭಿಸಿ, ನಮ್ಮ ಛಾಯಾಚಿತ್ರವನ್ನೂ ನಮ್ಮ ಮಾತನ್ನೂ ಆಧಾರ ಮಾಡಿಕೊಂಡು, ಹಂತಹಂತವಾಗಿ ಚುಕ್ಕೆಗಳನ್ನು ತೊಲಗಿಸುತ್ತ ಹೊಸ ಚಿತ್ರಗಳನ್ನು ರಚಿಸುವದು. ಆದದರಿಂದ ಅಜ್ಜಿಯ ಫೋಟೋ ನಕ್ಕರೆ, ಅದು ಅಜ್ಜಿ ನಕ್ಕ ನಗೆಯಲ್ಲ. ಸಾವಿರಾರು ಅಪರಿಚಿತರ ನಗೆಯಿಂದ ಯಂತ್ರವು ಕಟ್ಟಿದ ಊಹೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳುವ ನಿಯಮಗಳೆಲ್ಲ ತಾವಾಗಿಯೇ ತಿಳಿಯುವವು.

3. ಮಾಡತಕ್ಕ ಕ್ರಮ

ಮೊದಲನೇದು, ಚಿತ್ರವನ್ನು ಆರಿಸುವದು. ಒಬ್ಬರು ಅಥವಾ ಇಬ್ಬರು ಮಾತ್ರ ಇರುವ, ಮುಖವು ಸ್ಪಷ್ಟವಾಗಿ ಕಾಣುವ ಚಿತ್ರವು ಉತ್ತಮ. ಹತ್ತು ಜನರ ಗುಂಪಿನ ಚಿತ್ರದಲ್ಲಿ ಯಂತ್ರವು ಸಣ್ಣ ಮುಖಗಳನ್ನು ಕೆಡಿಸುವದು. ಗೋಡೆಯ ಮೇಲಿನ ಹಳೇ ಫೋಟೋ ಆದರೆ, ಸಾಧ್ಯವಿದ್ದರೆ ಚೌಕಟ್ಟಿನ ಗಾಜನ್ನು ತೆಗೆದು, ನೇರವಾದ ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟು, ಮೊಬೈಲನ್ನು ಫೋಟೋವಿಗೆ ಸಮಾನಾಂತರವಾಗಿ ಹಿಡಿದು ಚಿತ್ರ ತೆಗೆಯಬೇಕು. ಅದಕ್ಕೆ ಮುಂಚೆ ಮೊಬೈಲಿನ ಮಸೂರವನ್ನು ಮೆತ್ತಗಿನ ಬಟ್ಟೆಯಿಂದ ಒರಸಬೇಕು.

ಎರಡನೇದು, ಅಪ್ಪಣೆ ಪಡೆಯುವದು. ಚಿತ್ರದಲ್ಲಿರುವವರು ಜೀವಂತರಾಗಿದ್ದರೆ ಅವರನ್ನು ಕೇಳದೆ ಮುಂದುವರಿಯಬಾರದು.

ಮೂರನೇದು, ಆಜ್ಞೆಯನ್ನು ಬರೆಯುವದು. ಒಳ್ಳೇ ಆಜ್ಞೆಯಲ್ಲಿ ಯಾವದು ಬದಲಾಗಬಾರದು, ಯಾವದು ಚಲಿಸಬೇಕು, ಕ್ಯಾಮರಾ ಹೇಗೆ ನಡೆಯಬೇಕು ಎಂಬ ಮೂರು ಸಂಗತಿಗಳಿರಬೇಕು. ಕನ್ನಡದಲ್ಲಿಯೇ ಬರೆಯಬಹುದು. ದೃಷ್ಟಾಂತಕ್ಕೆ: ‘ಈ ಹೆಂಗಸಿನ ಮುಖವೂ ಸೀರೆಯೂ ಇದ್ದಂತೆಯೇ ಇರಲಿ. ಹಿಂದಿನ ಬಾಗಿಲಲ್ಲಿ ತೂಗಹಾಕಿದ ಕಾಗದದ ನಕ್ಷತ್ರದೀಪವು ಮೆಲ್ಲನೆ ತೂಗಲಿ. ದೀಪದ ಬೆಳಕು ಗೋಡೆಯ ಮೇಲೆ ಬೀಳಲಿ. ಕ್ಯಾಮರಾ ನಿಧಾನವಾಗಿ ಸಮೀಪಿಸಲಿ. ಮಾತೂ ಅಕ್ಷರಗಳೂ ಬೇಡ.’

ನಾಲ್ಕನೇದು, ಪರೀಕ್ಷಿಸುವದು. ಸಿದ್ಧವಾದ ವೀಡಿಯೋವನ್ನು ಮೂರು ಸಾರಿ ನೋಡಬೇಕು: ಒಮ್ಮೆ ಮುಖವನ್ನು, ಒಮ್ಮೆ ಕೈಬೆರಳುಗಳನ್ನೂ ಬಳೆಗಳನ್ನೂ, ಒಮ್ಮೆ ಹಿಂಬದಿಯನ್ನು. ಬೆರಳು ಆರಾಗಿದ್ದರೆ, ಬಳೆ ಮಾಯವಾಗಿದ್ದರೆ, ಮುಖವು ಬೇರೆಯವರದಾಗಿ ತೋರಿದರೆ ಅದನ್ನು ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಎರಡನೆಯ ಸಾರಿ ಆಜ್ಞೆಯನ್ನು ಹಿಗ್ಗಿಸುವದಕ್ಕಿಂತ ಕುಗ್ಗಿಸುವದು ಮೇಲು. ಚಲನೆಯು ಕಡಿಮೆಯಾದಷ್ಟು ತಪ್ಪುಗಳೂ ಕಡಿಮೆಯಾಗುವವು.

ಐದನೇದು, ಧ್ವನಿಯನ್ನು ಕೂಡಿಸುವದು. ಶಾಂತವಾದ ಕೋಣೆಯಲ್ಲಿ ಕುಳಿತು ನಿಮ್ಮ ಸ್ವಂತ ಧ್ವನಿಯನ್ನೇ ಮೊಬೈಲಿನಲ್ಲಿ ಮುದ್ರಿಸಿರಿ. ಎಂಟು ಸೆಕೆಂಡುಗಳಲ್ಲಿ ಹದಿನೈದು ಶಬ್ದಗಳನ್ನು ಮೀರದಿರುವದು ಒಳ್ಳೇದು. ಅವಸರದ ಶುಭಾಶಯವು ಕೇಳುವದಕ್ಕೆ ಇಂಪಾಗದು.

ಆರನೇದು, ಅಕ್ಷರಗಳನ್ನು ಬರೆಯುವದು. ಚಿತ್ರ ರಚಿಸುವ ಯಂತ್ರಗಳು ಕನ್ನಡದ ಒತ್ತಕ್ಷರಗಳನ್ನು ಆಗಾಗ ಮುರಿದು ಹಾಕುವವು. ಆದಕಾರಣ ಯಂತ್ರದಿಂದ ಅಕ್ಷರಗಳನ್ನು ಬರೆಯಿಸದೆ, ವೀಡಿಯೋ ಸಿದ್ಧವಾದ ಮೇಲೆ ಅದನ್ನು ತಿದ್ದುವ ಆ್ಯಪಿನಲ್ಲಿ ನೀವೇ ಟೈಪು ಮಾಡಿ ಕೂಡಿಸಿರಿ. ಕೊನೆಯಲ್ಲಿ ‘ಕೃತಕ ಬುದ್ಧಿಯ ಸಹಾಯದಿಂದ ಮಾಡಿದ್ದು’ ಎಂಬ ಸಾಲನ್ನು ಬರೆಯಲು ಮರೆಯಬಾರದು. ವಾಟ್ಸಾಪಿನಲ್ಲಿ ಕಳುಹಿಸುವಾಗ ಸಾಧಾರಣ ವೀಡಿಯೋವಾಗಿ ಕಳುಹಿಸಿದರೆ ಅದರ ಸ್ಪಷ್ಟತೆ ಕುಗ್ಗುವದು. ಡಾಕ್ಯುಮೆಂಟಾಗಿ ಕಳುಹಿಸಿದರೆ ಇದ್ದಂತೆಯೇ ಮುಟ್ಟುವದು.

4. ಒಂದು ದೃಷ್ಟಾಂತ

ಮಾನ್ವಿಯ ಒಂದು ಮನೆಯಲ್ಲಿ ಅಜ್ಜಿಯು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿರುವ ಫೋಟೋ ಇದೆಯೆಂದು ಭಾವಿಸಿರಿ. ಮೊಮ್ಮಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಕ್ರಿಸ್ಮಸ್ ದಿನ ಅವಳಿಗೆ ರಜೆಯಿಲ್ಲ. ಮನೆಯವರು ಯಂತ್ರಕ್ಕೆ ‘ಕ್ರಿಸ್ಮಸ್ ವೀಡಿಯೋ ಮಾಡು’ ಎಂದಷ್ಟೇ ಹೇಳಿದರೆ ಏನಾಗುವದು? ಮಾನ್ವಿಯ ಅಂಗಳದಲ್ಲಿ ಹಿಮ ಸುರಿಯುವದುಂಟು. ಅಜ್ಜಿಯ ಹಿಂದೆ ಕೊಂಬಿನ ಜಿಂಕೆಗಳು ಬಂದು ನಿಲ್ಲುವದುಂಟು. ಯಾಕಂದರೆ ಯಂತ್ರವು ಕಲಿತ ಕ್ರಿಸ್ಮಸ್ ಚಿತ್ರಗಳಲ್ಲಿ ಹೆಚ್ಚಿನವು ಚಳಿದೇಶಗಳವು. ಅಜ್ಜಿಯು ಉಟ್ಟ ಇಳಕಲ್ ಸೀರೆಯ ಸೆರಗಿನ ತೆನೆಗಳು ಸಹ ಕಲಸಿಹೋಗುವದುಂಟು. ಯಾಕಂದರೆ ಆ ಸೆರಗನ್ನು ಅದು ಅಪರೂಪವಾಗಿ ಕಂಡಿದೆ.

ಹಾಗಲ್ಲದೆ, ‘ಅಕ್ಕಿಯ ಕಾಳುಗಳು ಮೊರದಲ್ಲಿ ಮೆಲ್ಲನೆ ಅಲುಗಲಿ, ಬೇವಿನ ಮರದ ನೆರಳು ಗೋಡೆಯ ಮೇಲೆ ಆಡಲಿ, ಮಿಕ್ಕದ್ದು ಇದ್ದಂತೆಯೇ ಇರಲಿ, ಹಿಮ ಬೇಡ’ ಎಂದು ಬರೆದರೆ ಮಾನ್ವಿಯ ಮನೆಯು ಮಾನ್ವಿಯ ಮನೆಯಾಗಿಯೇ ಉಳಿಯುವದು. ಅದರ ಮೇಲೆ ಅಜ್ಜಿಯು ತನ್ನ ಸ್ವಂತ ಧ್ವನಿಯಲ್ಲಿ, ‘ಏನವ್ವಾ, ಉಂಡೆಯಾ? ಹಬ್ಬಕ್ಕ ನಿನ್ನ ಪಾಲಿನ ಕರಚೀಕಾಯಿ ತೆಗೆದಿಟ್ಟೀನಿ’ ಎಂದು ಹೇಳಿದರೆ ಸಾಕು. ರಾತ್ರಿ ಪಾಳಿ ಮುಗಿಸಿ ಬಂದ ಆ ಹುಡುಗಿಗೆ ಇದಕ್ಕಿಂತ ದೊಡ್ಡ ಶುಭಾಶಯವು ಬೇಕಿಲ್ಲ. ಚಿತ್ರವನ್ನು ಯಂತ್ರವು ಅಲಂಕರಿಸಿತು. ಮಾತನ್ನು ಅಜ್ಜಿಯೇ ಆಡಿದಳು. ಇವೆರಡರ ಭೇದವನ್ನು ತಿಳಿಯುವದೇ ಈ ಪಾಠದ ಸಾರವು.

5. ಎಚ್ಚರಪಡತಕ್ಕ ಸಂಗತಿಗಳು

ಮೊದಲು ತೀರಿಹೋದವರ ವಿಷಯ. 2021ರಲ್ಲಿ ಮೈ ಹೆರಿಟೇಜ್ ಎಂಬ ಸಂಸ್ಥೆಯು ಪೂರ್ವಿಕರ ಛಾಯಾಚಿತ್ರಗಳಲ್ಲಿ ಕಣ್ಣು ಮಿಟುಕಿಸುವಂತೆಯೂ ತಲೆ ತಿರುಗಿಸುವಂತೆಯೂ ಮಾಡುವ ಸಾಧನವನ್ನು ಹೊರಡಿಸಿತು. ಆಗ ಆ ಸಂಸ್ಥೆಯು, ದುರುಪಯೋಗವಾಗದಿರಲೆಂದು ಬೇಕೆಂದೇ ಮಾತನ್ನು ಸೇರಿಸಲಿಲ್ಲವೆಂದು ತಿಳಿಸಿತ್ತು. ಮುಂದಿನ ವರುಷವೇ ಅದು ಚಿತ್ರಗಳನ್ನು ಮಾತಾಡಿಸುವ ಸಾಧನವನ್ನೂ ತಂದಿತು. ಸಂಸ್ಥೆಗಳು ಹಾಕಿಕೊಂಡ ಗೆರೆಯನ್ನು ಅವೇ ದಾಟುವವು. ಆದದರಿಂದ ಗೆರೆಯನ್ನು ನಮ್ಮ ಮನೆಯಲ್ಲಿ ನಾವೇ ಹಾಕಿಕೊಳ್ಳಬೇಕು. ತೀರಿಹೋದ ತಾಯಿಯ ಚಿತ್ರದ ಮುಂದೆ ದೀಪವು ಅಲುಗಿದರೆ ಅದು ಅಲಂಕಾರ. ಆಕೆಯು ಎಂದೂ ಆಡದ ಮಾತನ್ನು ಆಕೆಯ ಬಾಯಲ್ಲಿ ಇಟ್ಟರೆ ಅದು ಸುಳ್ಳು ಸಾಕ್ಷಿಯಾಗುವದು. ಆಕೆಯನ್ನು ನೋಡದ ಮೊಮ್ಮಕ್ಕಳು ಅದನ್ನೇ ನಿಜವೆಂದು ನಂಬಿ ಬೆಳೆಯುವರು.

ಎರಡನೇದು, ಹೆಣ್ಣುಮಕ್ಕಳ ಮುಖದ ವಿಷಯ. ರಾಯಚೂರು ಜಿಲ್ಲೆಯು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ಆ ರಾಜ್ಯದ ಪ್ರಸಿದ್ಧ ಛಾಯಾಚಿತ್ರಕಾರರಾದ ರಾಜಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗೋಸ್ಕರ ಪ್ರತ್ಯೇಕವಾದ ಜನಾನಾ ಸ್ಟುಡಿಯೋವನ್ನು ತೆರೆದರು. ಅದನ್ನು ಕೆನ್ನಿ ಲೆವಿಕ್ ಎಂಬ ದೊರೆಸಾನಿಯವರು ನಡಿಸುತ್ತಿದ್ದರು. ಗೋಷೆಯ ಕಾಲವು ಕಳೆದುಹೋಯಿತು, ಅದು ಮರಳಿ ಬರಬೇಕಾಗಿಯೂ ಇಲ್ಲ. ಆದರೆ ‘ನನ್ನ ಚಿತ್ರವು ಯಾರ ಕೈಗೆ ಹೋಗುವದು?’ ಎಂಬ ಪ್ರಶ್ನೆಯು ಹಳೇದಾಗಿಲ್ಲ. ಆ್ಯಪಿಗೆ ಒಪ್ಪಿಸಿದ ಚಿತ್ರವು ದೂರದ ಗಣಕಯಂತ್ರಗಳಿಗೆ ಹೋಗಿ ಸೇರುವದು. ಆದಕಾರಣ ಹೆಸರು ಕೇಳದ ಆ್ಯಪುಗಳನ್ನೂ, ಕಾರಣವಿಲ್ಲದೆ ನಿಮ್ಮ ಸಂಪರ್ಕಗಳ ಪಟ್ಟಿಯನ್ನು ಕೇಳುವ ಆ್ಯಪುಗಳನ್ನೂ ದೂರವಿಡಿರಿ. ಶಾಲೆಯ ಗುಂಪಿನ ಫೋಟೋದಿಂದ ಸಹಪಾಠಿಯ ಮುಖವನ್ನು ಕತ್ತರಿಸಿ, ವಿನೋದಕ್ಕಾದರೂ, ವೀಡಿಯೋ ಮಾಡಕೂಡದು. ಭಾರತ ಸರಕಾರದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರುಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯು ಅವಶ್ಯವೆಂದು ವಿಧಿಸಿದೆ. ಹೀಗಿರಲಾಗಿ ಹುಡುಗಿಯರು ಈ ಕೆಲಸವನ್ನು ಪಾಲಕರ ಸಂಗಡ ಕುಳಿತು ಮಾಡುವದೇ ಯೋಗ್ಯವು.

ಮೂರನೇದು, ಮೋಸಗಾರರ ವಿಷಯ. ಶುಭಾಶಯದ ವೀಡಿಯೋವನ್ನು ಮಾಡುವ ವಿದ್ಯೆಯೇ ಸುಳ್ಳು ಮುಖವನ್ನೂ ಸುಳ್ಳು ಧ್ವನಿಯನ್ನೂ ಮಾಡುವ ವಿದ್ಯೆಯಾಗಿದೆ. ದೂರದಲ್ಲಿರುವ ಮಗಳ ಧ್ವನಿಯಲ್ಲಿಯೇ ‘ಅಪಾಯದಲ್ಲಿದ್ದೇನೆ, ಈಗಲೇ ಹಣ ಕಳುಹಿಸಿರಿ’ ಎಂಬ ಕರೆ ಬಂದರೆ ಗಾಬರಿಪಡದೆ, ಆ ಕರೆಯನ್ನು ನಿಲ್ಲಿಸಿ, ನಿಮಗೆ ಮೊದಲಿನಿಂದ ಗೊತ್ತಿರುವ ನಂಬರಿಗೆ ನೀವೇ ಕರೆ ಮಾಡಿರಿ. ಮನೆಯವರಿಗೆ ಮಾತ್ರ ತಿಳಿದಿರುವ ಒಂದು ಗುಪ್ತ ಶಬ್ದವನ್ನು ಮುಂಚಿತವಾಗಿ ಗೊತ್ತು ಮಾಡಿಕೊಳ್ಳುವದು ಒಳ್ಳೇದು. ಹಣವು ಹೋದರೆ ನಾಚಿಕೆಯಿಂದ ಮುಚ್ಚಿಡದೆ ಸರಕಾರದ 1930 ಎಂಬ ಸಹಾಯವಾಣಿಗೆ ಕೂಡಲೆ ತಿಳಿಸಬೇಕು. ತಡವಾದಷ್ಟು ಹಣವು ಮರಳುವ ಸಂಭವವು ಕಡಿಮೆ.

ಹೀಗೆ ನೋಡಿದರೆ ವೀಡಿಯೋದ ಕೊನೆಯಲ್ಲಿ ನಾವು ಬರೆಯುವ ಒಂದು ಸಾಲು ಸಣ್ಣದಲ್ಲ. ‘ಇದು ಯಂತ್ರದಿಂದ ಮಾಡಿದ್ದು’ ಎಂದು ಹೇಳುವ ಅಭ್ಯಾಸವಿರುವ ಮನೆಯಲ್ಲಿ, ಹಾಗೆ ಹೇಳದೆ ಬಂದ ಚಿತ್ರವನ್ನು ಸಂಶಯದಿಂದ ನೋಡುವ ಜಾಣತನವೂ ಬೆಳೆಯುವದು.

6. ಅಭ್ಯಾಸಕ್ಕಾಗಿ ಪ್ರಶ್ನೆಗಳು

ತಾಯಂದಿರೂ ಮಕ್ಕಳೂ ಕೂಡಿ ಈ ಪ್ರಶ್ನೆಗಳನ್ನು ವಿಚಾರಿಸಬೇಕು.

(1) 10 ಸೆಕೆಂಡುಗಳ ವೀಡಿಯೋದಲ್ಲಿ ಸೆಕೆಂಡಿಗೆ 24ರಂತೆ ಎಷ್ಟು ಚಿತ್ರಗಳಿರುವವು? ಅವುಗಳಲ್ಲಿ ನೀವು ಕೊಟ್ಟದ್ದು ಎಷ್ಟು?

(2) ಕಾರ ಹುಣ್ಣಿಮೆಯ ದಿನ ನಿಮ್ಮ ಮನೆಯ ಎತ್ತುಗಳನ್ನು ಸಿಂಗರಿಸಿ ತೆಗೆದ ಫೋಟೋ ಇದೆ. ಅದನ್ನು ಊರು ಬಿಟ್ಟಿರುವ ಅಣ್ಣನಿಗೆ ಶುಭಾಶಯವಾಗಿ ಕಳುಹಿಸಲು, ಐದು ವಾಕ್ಯಗಳನ್ನು ಮೀರದ ಆಜ್ಞೆಯನ್ನು ಕನ್ನಡದಲ್ಲಿ ಬರೆಯಿರಿ.

(3) ದೇವದುರ್ಗದ ಒಬ್ಬ ಹುಡುಗಿಯ ಗೆಳತಿಯು ಅವಳನ್ನು ಕೇಳದೆ ಅವಳ ಫೋಟೋದಿಂದ ಕುಣಿಯುವ ವೀಡಿಯೋ ಮಾಡಿ ಎಲ್ಲರಿಗೂ ಕಳುಹಿಸಿದಳು. ‘ನಾನು ಕೆಟ್ಟದ್ದೇನೂ ಮಾಡಲಿಲ್ಲ, ಹಬ್ಬದ ವಿನೋದವಷ್ಟೆ’ ಎನ್ನುತ್ತಾಳೆ. ನೀವು ಆ ಗೆಳತಿಗೆ ಏನು ಹೇಳುವಿರಿ? ಆ ಹುಡುಗಿಯ ತಾಯಿಗೆ ಏನು ಹೇಳುವಿರಿ?

(4) ನಿಮ್ಮ ಮನೆಯ ಹಿರಿಯರ ಧ್ವನಿಯು ಎಲ್ಲಿಯಾದರೂ ಮುದ್ರಿತವಾಗಿದೆಯೇ? ಇಲ್ಲದಿದ್ದರೆ ಈ ಹಬ್ಬದಲ್ಲಿಯೇ ಅವರನ್ನು ಕುಳ್ಳಿರಿಸಿ, ಅವರ ಊರು, ಮದುವೆ, ಶಾಲೆಯ ದಿನಗಳನ್ನು ಕೇಳಿ ಮುದ್ರಿಸಿರಿ. ಮುಂದೆ ಯಂತ್ರದಿಂದ ಊಹಿಸಿಕೊಳ್ಳುವ ಅವಶ್ಯವಿಲ್ಲದ ಹಾಗೆ ನಿಜವಾದದ್ದನ್ನು ಈಗಲೇ ಕೂಡಿಡುವದು ಎಲ್ಲಾ ಪಾಠಗಳಿಗಿಂತ ಮೊದಲು ಮಾಡತಕ್ಕ ಕೆಲಸವು.