ಕರಿ ಪೈಪಿನ ಸಹವಾಸ

ಗುಬ್ಬಿ ಕಡೆಯ ನಮ್ಮ ತೆಂಗಿನ ತೋಟದಲ್ಲಿ ಬೋರ್‌ವೆಲ್‌ನಿಂದ ಮನೆ ಟ್ಯಾಂಕಿಗೆ ಹಿಂದೆ ಇದ್ದದ್ದು ಜಿಐ ಪೈಪು. ಬೋರಿನ ನೀರು ಗಡಸು. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಉಪ್ಪು ಪೈಪಿನೊಳಗೂ ಕಟ್ಟಿ, ಜೊತೆಗೆ ತುಕ್ಕೂ ಸೇರಿ, ಬಿಚ್ಚಿ ನೋಡಿದಾಗ ಒಂದಿಂಚಿನ ಪೈಪಿನಲ್ಲಿ ಕಿರುಬೆರಳು ತೂರುವಷ್ಟೇ ಜಾಗ ಉಳಿದಿತ್ತು. ಅದನ್ನು ಕಿತ್ತು ಹಾಕಿಸಿದ್ದು ಸುರುಳಿಯಲ್ಲಿ ಬರುವ ಎಚ್‌ಡಿಪಿಇ, ಎಲ್ಲರ ಬಾಯಲ್ಲಿ ಕರಿ ಪೈಪು. ಆಮೇಲೆ ಕುಣಿಗಲ್ಲಿನ ಅಕ್ಕನ ಮನೆಗೂ ಅದೇ ಹೋಯಿತು.

ಇದರ ದೊಡ್ಡ ಗುಣವೆಂದರೆ ಉದ್ದ. ಪಿವಿಸಿಯಾದರೆ 6 ಮೀಟರಿಗೊಂದು ಜಾಯಿಂಟು. ಇದು ಒಂದೇ ಸುರುಳಿಯಲ್ಲಿ 100 ಮೀಟರ್ ಸಿಗುತ್ತದೆ. ನೀರು ಸೋರುವುದು ಬಹುಪಾಲು ಜಾಯಿಂಟಿನಲ್ಲೇ. ಹಾಗಾಗಿ ಮರ ಅಡ್ಡ ಬಂದರೆ ಎಲ್ಬೋ ಹುಡುಕದೆ ಪೈಪನ್ನೇ ಬಳಸಿಕೊಂಡು ಒಯ್ಯುವುದು ಸರಿ. ಬಾಗು ಮಾತ್ರ ದೊಡ್ಡದಿರಬೇಕು: 32 ಮಿ.ಮೀ. ಪೈಪಿಗೆ ಬಾಗಿನ ತ್ರಿಜ್ಯ ಮುಕ್ಕಾಲು ಮೀಟರಿನಷ್ಟಾದರೂ ಇರಲಿ. ಒಮ್ಮೆ ಮಡಿಕೆ ಬಿತ್ತೋ, ಅಷ್ಟು ತುಂಡನ್ನು ಕತ್ತರಿಸಿ ಕಪ್ಲರ್ ಹಾಕುವುದೊಂದೇ ದಾರಿ.

ಕುಣಿಗಲ್ಲಿಗೆ ಬಂದ ಪ್ಲಂಬರ್ ಪಿವಿಸಿಗೆ ಬಳಸುವ ಸೊಲ್ಯೂಷನ್ ಡಬ್ಬಿ ತೆರೆದ. ಕರಿ ಪೈಪಿನ ಪಾಲಿಥೀನಿಗೆ ಅದು ಅಂಟುವುದಿಲ್ಲ. ಮೋಟಾರ್ ಹಾಕಿದೊಡನೆ ಪೈಪು ಚಿಮ್ಮಿ ಅಂಗಳವೆಲ್ಲ ಕೆರೆಯಾಯಿತು. "ನಮ್ಮೂರ ದೊಡ್ಡಕೆರೆಗೆ ಹೇಮಾವತಿ ನೀರು ಬಂದ ಹಾಗಾಯ್ತು ಬಿಡೋ" ಎಂದು ಅಕ್ಕ ನಕ್ಕಳು. ಕರಿ ಪೈಪನ್ನು ಕಾಯಿಸಿ ಕೂಡಿಸಬೇಕು, ಇಲ್ಲವೇ ನಟ್ ತಿರುಗಿಸುವ ಕಂಪ್ರೆಶನ್ ಕಪ್ಲರ್ ಹಾಕಬೇಕು. ಮನೆಯ ಮಟ್ಟಿಗೆ ಎರಡನೆಯದೇ ಸುಲಭ. ಪೈಪನ್ನು ನೇರಕ್ಕೆ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಹೊರಗಡೆ ತುಸು ಇಳಿಜಾರಾಗಿ ಅರ ಹೊಡೆದು, ಸೋಪು ನೀರು ಸವರಿ ರಬ್ಬರ್ ರಿಂಗ್ ದಾಟಿ ತಳ ಮುಟ್ಟುವವರೆಗೂ ನೂಕಬೇಕು. ಎಷ್ಟು ಒಳಹೋಗಬೇಕೆಂದು ಮೊದಲೇ ಸೀಮೆಸುಣ್ಣದ ಗುರುತು ಹಾಕಿಕೊಂಡರೆ ಅನುಮಾನವೇ ಉಳಿಯದು.

ಬಿಸಿಲಿಗೆ ಈ ಪೈಪು ಹಿಗ್ಗುವುದು ನಂಬಲಾಗದಷ್ಟು. 100 ಮೀಟರ್ ಪೈಪು 20 ಡಿಗ್ರಿ ಕಾದರೆ ಸುಮಾರು ಒಂದಡಿ ಉದ್ದವಾಗುತ್ತದೆ. ಮಧ್ಯಾಹ್ನ ಬಿಗಿದು ಎಳೆದು ಕಟ್ಟಿದರೆ ರಾತ್ರಿ ಕುಗ್ಗಿ ಕಪ್ಲರ್ ಹಿಡಿದು ಜಗ್ಗುತ್ತದೆ. ಗುಂಡಿಯೊಳಗೆ ಹಾವು ಹರಿದಂತೆ ಸಡಿಲ ಬಿಟ್ಟು, ಸಂಜೆ ತಂಪಾದ ಮೇಲೆ ಮಣ್ಣು ಮುಚ್ಚಬೇಕು. ಸುರುಳಿ ಬಿಚ್ಚುವುದಕ್ಕೆ ಮಾತ್ರ ಬಿಸಿಲೇ ಒಳ್ಳೆಯದು, ಮೆತ್ತಗಾಗಿ ಮಾತು ಕೇಳುತ್ತದೆ.

ತುಮಕೂರಿನ ಮಂಡಿಪೇಟೆಯ ಅಂಗಡಿಯಲ್ಲಿ "ಒಂದಿಂಚು ಕೊಡಿ" ಎಂದರೆ 32 ಮಿ.ಮೀ. ಕೊಡುತ್ತಾರೆ. ಆದರೆ ಅದು ಹೊರ ಅಳತೆ. ಗೋಡೆ ದಪ್ಪವಾದಷ್ಟೂ ಒಳಗಿನ ತೂತು ಸಣ್ಣದಾಗುತ್ತದೆ. ಪೈಪಿನ ಮೇಲೆ ಐಎಸ್ 4984 ಜೊತೆಗೆ ಪಿಎನ್ ಎಂದು ಅಚ್ಚಾಗಿರುತ್ತದೆ. ಪಿಎನ್ 6 ಎಂದರೆ ಚದರ ಸೆಂ.ಮೀ.ಗೆ 6 ಕೆ.ಜಿ. ಒತ್ತಡ, ಹೆಚ್ಚುಕಡಿಮೆ 60 ಮೀಟರ್ ನೀರಿನ ಎತ್ತರ. ಚಾವಣಿ ಟ್ಯಾಂಕಿನಿಂದ ಇಳಿಯುವ ನೀರಿಗೆ ಬೇಕಾದಷ್ಟಾಯಿತು. ಅಗ್ಗದ ಮಾಲು ಬೇಡ: ಬಿಸಿಲು ತಡೆಯುವುದು ಅದರಲ್ಲಿ ಬೆರೆಸಿದ ಕಾರ್ಬನ್ ಕಪ್ಪು, ಅದು ಸಮನಾಗಿ ಬೆರೆಯದಿದ್ದರೆ ಪೈಪು ಬಿರುಕು ಬಿಡುತ್ತದೆ.

ತುಮಕೂರಿನಲ್ಲಿರುವ ನಮ್ಮ ಮನೆಗೆ ಬರುವುದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲಿಸಿದ ಹೇಮಾವತಿ ನೀರು. ರಸ್ತೆಯಿಂದ ಸಂಪಿನವರೆಗೆ ಜಾಯಿಂಟೇ ಇಲ್ಲದ ಒಂದು ತುಂಡು ಹಾಕಿಸಿದ್ದೇನೆ. ಬಚ್ಚಲಿನ ಬಿಸಿನೀರಿನ ಸಾಲಿಗೆ ಮಾತ್ರ ಸಿಪಿವಿಸಿ; ಗೀಸರ್ ಬಿಸಿಗೆ ಕರಿ ಪೈಪು ತಾಳದು.

ತೋಟದಲ್ಲಿ ಪೈಪು ಹೋದ ಜಾಡಿಗೆ ಕಲ್ಲು ನೆಟ್ಟಿದ್ದೇವೆ. ಟಿಲ್ಲರ್ ಹೊಡೆಯುವ ಹುಡುಗ ಆದರೂ ಬಂದ ಕೂಡಲೇ ಕೇಳುತ್ತಾನೆ, "ಅಣ್ಣ, ಪೈಪು ಎಲ್ಲಿಗಂಟ ಐತೆ?"