ಮಾಗಿಯ ಕಾಲದಲ್ಲಿ ಹಿತ್ತಲ ಗಿಡಗಳ ಪರಾಮರಿಕೆ



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಂಗಾರು ಮಳೆ ನಿಂತು ಮಾಗಿಯ ಚಳಿ ಮೊದಲಾದ ಮೇಲೆ, ಹಿತ್ತಲಲ್ಲಿರುವ ದಾಳಿಂಬೆ, ಮಲ್ಲಿಗೆ ಮುಂತಾದ ಗಿಡಗಳ ಎಲೆ ಹಳದಿಯಾಗಿ ಉದುರುವದನ್ನು ಕಾಣುತ್ತೇವೆ. ಆಗ ಕೆಲವರು ಗಿಡವು ಸತ್ತಿತೆಂದು ಕೊಡಲಿ ಹಾಕುತ್ತಾರೆ. ಕೆಲವರು ಬಾಯಾರಿತೆಂದು ದಿನವೂ ಕೊಡಗಟ್ಟಲೆ ನೀರು ಸುರಿಯುತ್ತಾರೆ. ನಾನೂ ಒಂದಾವರ್ತಿ ಬೋಳಾದ ದಾಳಿಂಬೆಯೊಂದನ್ನು ಕಿತ್ತೆನು. ಕಿತ್ತ ಮೇಲೆ ನೋಡಲಾಗಿ ಬೇರು ಹಸಿಯಾಗಿತ್ತು, ಬುಡದ ತೊಗಟೆಯೊಳಗೆ ಹಸುರಿತ್ತು. ಆರು ವರುಷ ಸಾಕಿದ ಗಿಡವನ್ನು ನನ್ನ ಅವಸರವೇ ಕೊಂದಿತು. ಮತ್ತೊಬ್ಬರಿಗೆ ಹಾಗಾಗಬಾರದೆಂದು ಈ ಪಾಠವನ್ನು ಬರೆಯುತ್ತೇನೆ.

ಎಲೆ ಉದುರುವದಕ್ಕೆ ಕಾರಣವೇನು? ಕಾಶ್ಮೀರದಂಥ ಸೀಮೆಗಳಲ್ಲಿ ಮಣ್ಣಿನೊಳಗಣ ನೀರು ಹೆಪ್ಪುಗಟ್ಟುವದರಿಂದ ಬೇರು ಅದನ್ನು ಹೀರಲಾರದು. ನಮ್ಮ ಸೀಮೆಯಲ್ಲಿ ಅಷ್ಟು ಚಳಿಯಿಲ್ಲ. ಇಲ್ಲಿ ಗಿಡಕ್ಕೆ ಕಷ್ಟ ಕೊಡುವದು ಒಣಗಾಳಿಯೇ. ಎಲೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳುಂಟು. ಅವುಗಳ ಮೂಲಕ ನೀರು ಆವಿಯಾಗಿ ಹೋಗುವದು. ಮಣ್ಣು ಒಣಗಿ ಬೇರಿಗೆ ನೀರು ಸಾಲದೆ ಹೋದಾಗ, ಗಿಡವು ತೊಟ್ಟಿನ ಬುಡದಲ್ಲಿ ಎಲೆಯನ್ನು ಕಳಚಿ ಗಾಯವನ್ನು ಮುಚ್ಚಿಕೊಳ್ಳುವದು. ಎಲೆಗಳು ಮಳೆಗಾಲದಲ್ಲಿ ತಯಾರಿಸಿದ ಆಹಾರವು ಕಾಂಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟಿರುವದು. ಆದಕಾರಣ ಇದು ಸಾವಲ್ಲ, ವಿಶ್ರಾಂತಿ. ದಾಳಿಂಬೆ ಬೆಳೆಯುವ ರೈತರು ಬೇಕೆಂದೇ ಕೆಲವು ವಾರ ನೀರು ನಿಲ್ಲಿಸಿ ಎಲೆ ಉದುರಿಸಿ, ಆ ಮೇಲೆ ಸವರಿ, ಗೊಬ್ಬರವನ್ನೂ ನೀರನ್ನೂ ಕೊಟ್ಟು, ಗಿಡವೆಲ್ಲಾ ಒಟ್ಟಿಗೆ ಹೂ ಬಿಡುವಂತೆ ಮಾಡುವದುಂಟು.

ಇನ್ನು ಪರಾಮರಿಕೆಯ ಕ್ರಮ.

1. ಪರೀಕ್ಷೆ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿರಿ. ಒಳಗೆ ಹಸುರಿದ್ದರೆ ಜೀವವುಂಟು. ತುದಿ ಒಣಗಿದ್ದರೆ ಬುಡದ ಕಡೆಗೆ ಇಳಿಯುತ್ತಾ ಕೆರೆದು, ಹಸುರು ಕಂಡ ಸ್ಥಳದಿಂದ ಮೇಲಿನ ಒಣ ಭಾಗವನ್ನು ಮಾತ್ರ ಕತ್ತರಿಸತಕ್ಕದ್ದು.

2. ನೀರು. ನಾಲ್ಕು ಬೆರಳು ಆಳ ಮಣ್ಣು ಕೆದಕಿದಾಗ ತೇವವಿದ್ದರೆ ನೀರು ಬೇಡ. ಒಣಗಿದ್ದರೆ ಆಳಕ್ಕೆ ಇಳಿಯುವಂತೆ ಬೆಳಿಗ್ಗೆ ಹಾಕಿ, ಪುನಃ ಒಣಗುವ ತನಕ ಬಿಡಿರಿ. ದಿನವೂ ಚಿಮುಕಿಸಿದರೆ ಬೇರು ಮೇಲುಮಣ್ಣಿನಲ್ಲೇ ಹರಡಿ ಬೇಸಿಗೆಯಲ್ಲಿ ಬಾಡುವದು. ನೀರು ನಿಂತರೆ ಬೇರು ಕೊಳೆಯುವದು.

3. ಹೊದಿಕೆ. ಒಣ ಎಲೆಯನ್ನಾಗಲಿ ಕಡಲೆಕಾಯಿ ಸಿಪ್ಪೆಯನ್ನಾಗಲಿ ಗಿಡದ ಸುತ್ತಲೂ ನಾಲ್ಕು ಬೆರಳು ದಪ್ಪವಾಗಿ ಹರಡಿರಿ, ತೇವವು ನಿಲ್ಲುವದು. ಆದರೆ ಕಾಂಡಕ್ಕೆ ತಾಗಿಸಬಾರದು, ಯಾಕಂದರೆ ಗೆದ್ದಲು ಹತ್ತುವದು.

4. ಸವರುವದು. ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ಸವರಿದರೆ ಬೇಸಿಗೆಗೆ ಹೊಸ ಚಿಗುರಿನಲ್ಲಿ ಮೊಗ್ಗು ಬರುವದು. ಕಾಕಡವು ಮಾಗಿಯಲ್ಲೇ ಹೂ ಬಿಡುವದರಿಂದ ಅದನ್ನು ಹೂ ಮುಗಿದ ಮೇಲೆ ಸವರಬೇಕು.

ಹೀಗೆ ಮಾಡಿ ಯುಗಾದಿಯ ತನಕ ತಾಳ್ಮೆಯಿಂದಿರಿ. ಆಗಲೂ ಚಿಗುರದೆ, ಬುಡದ ವರೆಗೆ ಕೆರೆದರೂ ಹಸುರು ಕಾಣದೆ ಹೋದರೆ ಮಾತ್ರ ಗಿಡವನ್ನು ಕೀಳಬಹುದು.

ಪ್ರಶ್ನೆಗಳು: ನಮ್ಮ ಸೀಮೆಯ ಗಿಡಗಳು ಮಾಗಿಯಲ್ಲಿ ಎಲೆ ಉದುರಿಸುವದು ಯಾಕೆ? ಬೋಳಾದ ಗಿಡದಲ್ಲಿ ಜೀವವುಂಟೋ ಇಲ್ಲವೋ ಎಂಬದನ್ನು ಹೇಗೆ ತಿಳಿಯಬೇಕು? ನಿಮ್ಮ ಹಿತ್ತಲಿನ ಯಾವ ಗಿಡವನ್ನು ಈ ವಾರ ಪರೀಕ್ಷಿಸುವಿರಿ?