ಲಂಡನ್ ಕೌಂಟಿ ಕೌನ್ಸಿಲ್ ಮತ್ತು ಪ್ರೊಗ್ರೆಸಿವ್ ಪಕ್ಷ

ಲಂಡನ್ ಕೌಂಟಿ ಕೌನ್ಸಿಲ್ 1888ರ ಸ್ಥಳೀಯ ಸರ್ಕಾರ ಕಾಯಿದೆಯಡಿ ರಚನೆಯಾಯಿತು. ಅದಕ್ಕೂ ಮೊದಲು ಅಧಿಕಾರ ನಡೆಸುತ್ತಿದ್ದ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್‌ಗೆ ನೇರ ಚುನಾವಣೆ ಇರಲಿಲ್ಲ. ಭ್ರಷ್ಟಾಚಾರದ ಕಳಂಕವೂ ಅದಕ್ಕೆ ಅಂಟಿತ್ತು. 1889ರ ಮೊದಲ ಚುನಾವಣೆಯಲ್ಲಿ ಗೆದ್ದ ಪ್ರೊಗ್ರೆಸಿವ್ ಪಕ್ಷ 1907ರವರೆಗೆ ಆಡಳಿತ ನಡೆಸಿತು. ಕೌನ್ಸಿಲಿನ ಮೊದಲ ಅಧ್ಯಕ್ಷ ಲಾರ್ಡ್ ರೋಸ್‌ಬರಿ. ಫೇಬಿಯನ್ ಚಿಂತಕ ಸಿಡ್ನಿ ವೆಬ್, ಕಾರ್ಮಿಕ ನಾಯಕ ಜಾನ್ ಬರ್ನ್ಸ್ ಪ್ರಮುಖ ಸದಸ್ಯರು.

ಗುತ್ತಿಗೆ ಕಾಮಗಾರಿಗಳಲ್ಲಿ ನ್ಯಾಯವಾದ ಕೂಲಿ, ಟ್ರಾಮ್ ಸೇವೆಯ ಸಾರ್ವಜನಿಕ ಒಡೆತನ, ಕೊಳೆಗೇರಿ ನಿರ್ಮೂಲನೆ ಈ ಪಕ್ಷದ ಮುಖ್ಯ ಧ್ಯೇಯಗಳು. ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು ಇದೇ ಅವಧಿಯಲ್ಲಿ ಸಂಸತ್ತು ಅಂಗೀಕರಿಸಿದ 1894ರ ತೆರಿಗೆ ಸಮೀಕರಣ ಕಾಯಿದೆ. ಇಡೀ ಲಂಡನ್ನಿನಿಂದ ಸಂಗ್ರಹಿಸಿದ ಹಣವನ್ನು ಜನಸಂಖ್ಯೆಗೆ ಅನುಗುಣವಾಗಿ ಹಂಚಿದ್ದರಿಂದ ಶ್ರೀಮಂತ ಪ್ರದೇಶಗಳ ತೆರಿಗೆ ಬಡ ಪ್ರದೇಶಗಳಿಗೂ ಹರಿಯಿತು. ಸ್ಥಳೀಯ ನ್ಯಾಯದ ತಿರುಳು ಇಲ್ಲಿದೆ.

ಕೊರತೆಗಳೂ ಇದ್ದವು. ಓಲ್ಡ್ ನಿಕೋಲ್ ಕೊಳೆಗೇರಿಯ ಜಾಗದಲ್ಲಿ ಕಟ್ಟಿ 1900ರಲ್ಲಿ ಉದ್ಘಾಟಿಸಿದ ಬೌಂಡರಿ ಎಸ್ಟೇಟ್ ವಸತಿ ಸಮುಚ್ಚಯದ ಬಾಡಿಗೆ ಕೊಳೆಗೇರಿಯ ಹಿಂದಿನ ನಿವಾಸಿಗಳ ಕೈಗೆಟುಕಲಿಲ್ಲ. ಅವರಲ್ಲಿ ಮರಳಿ ಬಂದವರು ಬೆರಳೆಣಿಕೆಯಷ್ಟು. 1889ರಲ್ಲಿ ಚುನಾಯಿತರಾದ ಲೇಡಿ ಸ್ಯಾಂಡ್‌ಹರ್ಸ್ಟ್ ಅವರು ಮಹಿಳೆ ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯದ ತೀರ್ಪಿನಿಂದ ಸ್ಥಾನ ಕಳೆದುಕೊಂಡರು. ಕೌಂಟಿ ಕೌನ್ಸಿಲ್‌ಗಳ ಸದಸ್ಯರಾಗುವ ಹಕ್ಕು ಮಹಿಳೆಯರಿಗೆ ದೊರೆತದ್ದು 1907ರ ಕಾಯಿದೆಯಿಂದ.

1965ರಲ್ಲಿ ಈ ಕೌನ್ಸಿಲ್ ರದ್ದಾಗಿ ಗ್ರೇಟರ್ ಲಂಡನ್ ಕೌನ್ಸಿಲ್ ಅಸ್ತಿತ್ವಕ್ಕೆ ಬಂದಿತು.